ಹೇಳದ ಹೆಸರಿನ ಬಿಡಿ ಸದ್ದುಗಳು

ಆ ಬೆಳಿಗ್ಗೆ ನನ್ನ ಹೆಂಡತಿ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಕನಕಾಂಬರ ಕಟ್ಟುತ್ತಿದ್ದಳು. ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಈಗ ಎತ್ತ ನೋಡಿದರೂ ಮೂರಂತಸ್ತಿನ ಮನೆಗಳು. ಆದರೂ ಹೂ ಕಟ್ಟಲು ಅವಳಿಗೆ ಆ ಮೆಟ್ಟಿಲೇ ಆಗಬೇಕು. ನಾನು ದಾಸರಹಳ್ಳಿಯ ನನ್ನ ಲೇತ್ ಶೆಡ್ಡಿಗೆ ಹೊರಟು ಸ್ಕೂಟರ್ ಒರೆಸುತ್ತಿದ್ದೆ. ಅವಳು ಏನೋ ಹೇಳಿದಳು. ಕೇಳಿಸಿತು, ತಿಳಿಯಲಿಲ್ಲ. "ಏನು?" ಎಂದೆ. ಮತ್ತೆ ಹೇಳಿದಳು. ದನಿ ಅವಳದೇ. ಬರುವಾಗ ಮೊಸರು ತರಲು ಹೇಳುವಾಗಿನ ಏರಿಳಿತವೂ ಅದೇ. ಆದರೆ ಥ್ರೆಡ್ ಸವೆದ ಬೋಲ್ಟಿನ ಹಾಗೆ ಆ ಮಾತು ನನ್ನ ಕಿವಿಯಲ್ಲಿ ತಿರುಗಿತೇ ಹೊರತು ಎಲ್ಲೂ ಕಚ್ಚಿಕೊಳ್ಳಲಿಲ್ಲ. ಬರೀ ಆ, ಓ, ಆ.

"ಎಲೆ ಅಡಿಕೆ ಬಾಯಲ್ಲಿಟ್ಕೊಂಡು ಮಾತಾಡ್ಬೇಡ ಕಣೇ" ಎಂದೆ. ಅವಳ ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ.

ಯಲಹಂಕದಲ್ಲಿರುವ ನಮ್ಮ ಮಗಳು ದಿನಾ ಆ ಹೊತ್ತಿಗೆ ಫೋನ್ ಮಾಡುತ್ತಾಳೆ. ಗಂಡನ ಜೊತೆ ಔಷಧಿ ಅಂಗಡಿ ನಡೆಸುವವಳು. ತಾಯಿಯ ಕಿವಿಗೆ ಫೋನ್ ಹಿಡಿದೆ. ಇವಳು ಏನೋ ಹೇಳಿದಳು. ಫೋನ್ ವಾಪಸ್ ನನ್ನ ಕಿವಿಗಿಟ್ಟುಕೊಂಡೆ. ಆಮೇಲೆ ಮಗಳು ನನ್ನನ್ನು ಕೇಳಿದಳು.

"ಅಪ್ಪ, ಅಮ್ಮನ ಬಾಯಿ ಒಂದ್ ಕಡೆ ಎಳ್ಕೊಂಡಿದ್ಯಾ ನೋಡು."

ನೋಡಿದೆ. ಬಲಗಡೆಯ ತುಟಿ ಜಾರಿತ್ತು. ಬೆರಳಿನ ಸಂದಿಯಲ್ಲಿದ್ದ ದಾರವೂ ಜಾರಿ ಹೂವೆಲ್ಲ ಮಡಿಲಿಗೆ ಬಿದ್ದಿದ್ದವು. ಅದು ಅವಳಿಗೇ ಗೊತ್ತಾಗಿರಲಿಲ್ಲ.

"ಆಟೋ ಹತ್ಸು. ಬಾಯಿಗೆ ನೀರೂ ಹಾಕ್ಬೇಡ. ನಾನು ನೇರ ಆಸ್ಪತ್ರೆಗೆ ಬರ್ತೀನಿ."

ಮಗಳ ದೆಸೆಯಿಂದ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ತಲೆಯ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು, ಕರಗಿಸುವ ಇಂಜೆಕ್ಷನ್ ಕೊಟ್ಟರು. ಕಾಲಿಗೆ ಬಲ ಬಂತು. ಕೈಗೂ ನಿಧಾನಕ್ಕೆ ಬಂತು, ತಿಂಗಳು ಕಳೆಯುವುದರೊಳಗೆ ಮತ್ತೆ ಹೂವಿನ ದಾರ ಹಿಡಿದಳು. ಮಾತು ಮಾತ್ರ ಬರಲಿಲ್ಲ. ಡಾಕ್ಟರು ನಮ್ಮನ್ನು ಯಶವಂತಪುರದಲ್ಲಿ ಮಾತು ಕಲಿಸುವವರ ಹತ್ತಿರ ಕಳಿಸಿದರು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ, ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಸ ಗುಡಿಸಲು ಸೇರಿ, ಲೇತ್ ಮಿಷಿನ್ ಕಲಿತು, ಈಗ ಸ್ವಂತ ಶೆಡ್ಡಿನಲ್ಲಿ ನಿಂತಿದ್ದೇನೆ. ನನ್ನ ಕೈಯಿಂದ ಹೋದ ಕೆಲಸ ಅಳತೆ ತಪ್ಪಿ ವಾಪಸ್ ಬಂದದ್ದು ಕಡಿಮೆ. ಹೀಗಿರುವವನು ಆ ಚಿಕ್ಕ ಕೋಣೆಯಲ್ಲಿ, ಗೋಡೆಯ ತುಂಬಾ ಬೆಕ್ಕು, ಕೊಡೆ, ಬಾಳೆಹಣ್ಣಿನ ಚಿತ್ರಗಳ ನಡುವೆ, ಮಕ್ಕಳು ಕೂರುವಂಥ ಕುರ್ಚಿಯಲ್ಲಿ ಮಂಡಿ ಮಡಚಿ ಕೂರಬೇಕಾಯಿತು.

ಮಾತು ಕಲಿಸುವ ಹುಡುಗಿ ನಮ್ಮ ಮಗಳಿಗಿಂತ ಚಿಕ್ಕವಳು, ಕರಾವಳಿ ಕಡೆಯವಳು. ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಇಡುವಂತೆ ಆಡುತ್ತಿದ್ದಳು. ಒಂದು ಕನ್ನಡಿಯನ್ನು ನನ್ನ ಹೆಂಡತಿಯ ಎದುರು ನಿಲ್ಲಿಸಿ, "ಅಮ್ಮ, ನನ್ನ ತುಟಿ ನೋಡಿ. ಪ" ಎಂದಳು.

"ಅ" ಎಂದಳು ಇವಳು.

"ಪ ಅನ್ನು" ಎಂದೆ ನಾನು, ತಡೆಯಲಾರದೆ. "ಅಕ್ಷರ ಬರಲ್ವೇನೇ?"

"ಅಕ್ಷರ ಮರ್ತುಬಿಡಿ ಸರ್" ಎಂದಳು ಹುಡುಗಿ. "ಬರೆಯುವಾಗ ಅದು ಒಂದೇ. ಬಾಯಲ್ಲಿ ಎರಡು ಸದ್ದು. ಮೊದಲು ತುಟಿ ಮುಚ್ಚಿ ಸಿಡಿಸುವುದು, ಪ್. ಆಮೇಲೆ ಬಾಯಿ ತೆರೆಯುವುದು, ಅ. ಅಮ್ಮನಿಗೆ ಎರಡನೆಯದು ಉಂಟು. ಮೊದಲಿನದು ಹೋಗಿದೆ."

ಪಟ್ಟೆಯ ಚಿತ್ರ, ಬಟ್ಟೆಯ ಚಿತ್ರ ತೋರಿಸಿದಳು. ಮೊದಲ ಸದ್ದು ಬಿಟ್ಟರೆ ಉಳಿದದ್ದೆಲ್ಲ ಎರಡಕ್ಕೂ ಒಂದೇ. ಅಷ್ಟು ಸಣ್ಣ ವ್ಯತ್ಯಾಸದ ಮೇಲೆ ಮನುಷ್ಯರ ಮಾತು ನಿಂತಿದೆ ಎಂದು ತಿಳಿದು ನನಗೆ ಭಯವಾಯಿತು. ಮಿಷಿನ್ನಿನಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಏನಾಗುತ್ತದೆಂದು ಬಲ್ಲವನು ನಾನು. ಕ, ಗ ಗಂಟಲ ಹತ್ತಿರ, ತ, ದ ಹಲ್ಲಿನ ಹಿಂದೆ, ಪ, ಬ, ಮ ತುಟಿಯಲ್ಲಿ ಹುಟ್ಟುತ್ತವಂತೆ. ನಮ್ಮ ಮೇಷ್ಟ್ರು ಬೆತ್ತ ಹಿಡಿದು ಕೂಗಿಸುತ್ತಿದ್ದ ಅಕ್ಷರಮಾಲೆಯ ಸಾಲು ಗಂಟಲಿಂದ ತುಟಿಯವರೆಗೆ ನಡೆದುಬರುವ ದಾರಿ ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು.

ಒಮ್ಮೆ ಹಾಗೆ ಕೇಳಲು ಶುರುಮಾಡಿದರೆ ಅದು ಬಿಡುವುದಿಲ್ಲ. ಬಸ್ಸಿನ ಕಂಡಕ್ಟರ್ "ಯಶ್ವಂತ್ಪುರ, ಯಶ್ವಂತ್ಪುರ" ಎಂದರೆ, ಅವನ ನಾಲಿಗೆ ಹಲ್ಲಿಗೆ ತಾಗಿ ಮರುಗಳಿಗೆಗೆ ತುಟಿ ಮುಚ್ಚುವುದೇ ನನಗೆ ಕಾಣುತ್ತಿತ್ತು. ಎಡವದೆ ಹೇಗೆ ಆಡುತ್ತಾನಪ್ಪ ಎಂದು ದಿಗಿಲಾಗುತ್ತಿತ್ತು. ಶೆಡ್ಡಿನಲ್ಲಿ ಗಿರಾಕಿಗಳ ಜೊತೆ ಮಾತಾಡುವಾಗ ನನ್ನ ಬಾಯಿಯ ಮೇಲೇ ನನಗೆ ನಂಬಿಕೆ ಹೋಗುತ್ತಿತ್ತು. ಊಟ ಮಾಡುವಾಗ ಅವಳ ತುಟಿಯನ್ನೇ ನೋಡುತ್ತಿದ್ದೆ.

ಸದ್ದುಗಳು ಒಂದೊಂದಾಗಿ ಬಂದವು. ಮೊದಲು ಮ. ಆಮೇಲೆ ನ, ತ, ಕ. ಒಂದು ದಿನ ಹುಡುಗಿ ಮುಖ ಸಣ್ಣದು ಮಾಡಿಕೊಂಡು, "ಹ ಇನ್ನೂ ಬರ್ತಾ ಇಲ್ಲ ಸರ್. ಎಷ್ಟು ಸುಲಭದ ಸದ್ದು, ಬರೀ ಉಸಿರು. ಅದೇ ಬಾರದಿದ್ದರೆ ಸ್ವಲ್ಪ ಯೋಚನೆಯೇ" ಎಂದಳು.

"ಅದಕ್ಕೆ ಯೋಚ್ನೆ ಮಾಡ್ಬೇಡಿ ಮೇಡಂ" ಎಂದೆ. "ಅದು ಮೊದ್ಲಿಂದ್ಲೂ ಇಲ್ಲ. ನಮ್ ಕಾಲ್ದೋರ್ಗೆ ನಮ್ಮನೇಲಿ ಯಾರ್ಗೂ ಇಲ್ಲ. ಆಲು, ಅಣ್ಣು, ಊವು ಅಂದೇ ಬದುಕಿರೋರು ನಾವು."

"ನಿಮಗೆ ಇದೆಯಲ್ಲ?"

"ನಾನು ಕಾರ್ಖಾನೇಲಿ ಕಲ್ತಿದ್ದು. ಸೂಪರ್‌ವೈಜರ್ ನಗ್ತಿದ್ದ. ಒಂದ್ ವರ್ಷ ಹಠ ಹಿಡಿದು ಕಲ್ತೆ."

ನನ್ನ ಹೆಂಡತಿ ಕನ್ನಡಿಯೊಳಗಿಂದ ನನ್ನನ್ನು ನೋಡಿ ಎಡಗಡೆಯ ತುಟಿಯಲ್ಲಷ್ಟೇ ನಕ್ಕಳು. ಹುಡುಗಿ ತನ್ನ ಪಟ್ಟಿಯಿಂದ ಹ ಅನ್ನು ಹೊಡೆದುಹಾಕಿದಳು. ಕಾಯಿಲೆಯಾದ ಮೇಲೆ ನಾವು ಮೂವರೂ ಒಟ್ಟಿಗೆ ನಕ್ಕದ್ದು ಅವತ್ತೇ.

ಕೊನೆಗೂ ಉಳಿದದ್ದು ಪ. ಹುಡುಗಿ ಅವಳ ಬಾಯಿಯ ಮುಂದೆ ಕಾಗದದ ಚೂರು ಹಿಡಿದು ಹೇಳಿಸುತ್ತಿದ್ದಳು. ಪ ಸರಿಯಾಗಿ ಸಿಡಿದರೆ ಕಾಗದ ಹಾರಬೇಕು. ಅವಳ ತುಟಿಯ ಬಲಗೊನೆ ಬಿಗಿ ಹಿಡಿಯದೆ ಗಾಳಿ ಅಲ್ಲೇ ಸೋರಿಹೋಗುತ್ತಿತ್ತು. ಕಾಗದ ನೆಟ್ಟಗೆ ನಿಂತೇ ಇರುತ್ತಿತ್ತು.

ಇದೆಲ್ಲ ತಡೆಯಬಹುದಾಗಿತ್ತು. ನನ್ನ ನಿದ್ದೆ ಕೆಡಿಸಿದ್ದು ಬೇರೆ. ಸದ್ದುಗಳು ಒಂದಷ್ಟು ಕೂಡಿದ ಮೇಲೆ ಹುಡುಗಿ ಹೆಸರುಗಳನ್ನು ಕೇಳತೊಡಗಿದಳು. ಚಿತ್ರ ತೋರಿಸಿದರೆ ಬೆಕ್ಕಿಗೆ "ಮೆಕ್ಕು", ಕೊಡೆಗೆ "ಕೊಎ". ಮುಕ್ಕಾದರೂ ಮಾತು ಅದೇ. ಮಗಳ ಫೋಟೋ ತೋರಿಸಿದರೆ ಅವಳ ಹೆಸರನ್ನು ಕಷ್ಟಪಟ್ಟು, ಆದರೆ ಗುರುತು ಸಿಗುವಂತೆ ಹೇಳಿದಳು. ಆಮೇಲೆ ಹುಡುಗಿ ನನ್ನ ಕಡೆ ಕೈ ತೋರಿಸಿದಳು.

"ಇವರ ಹೆಸರೇನು ಅಮ್ಮ?"

ಇವಳು ತಲೆ ತಗ್ಗಿಸಿದಳು.

"ಹೇಳಿ. ತಪ್ಪಾದರೂ ಅಡ್ಡಿಯಿಲ್ಲ. ಮೊದಲ ಸದ್ದಾದರೂ ಹೇಳಿ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ತುಟಿ ಅಲುಗಲಿಲ್ಲ.

ಹುಡುಗಿ ನನ್ನನ್ನು ಹೊರಗೆ ಕರೆದು ಮೆತ್ತಗೆ ಹೇಳಿದಳು. "ಬಾಯಿಯ ತೊಂದರೆ ಬೇರೆ ಸರ್, ಅದು ಅಭ್ಯಾಸದಿಂದ ಸರಿಹೋಗ್ತದೆ. ಕೆಲವರಿಗೆ ಒಳಗಿರುವ ಹೆಸರೇ ಅಳಿಸಿಹೋಗ್ತದೆ. ಹತ್ತಿರದವರದ್ದೇ ಹೋಗುವುದೂ ಉಂಟು. ಇನ್ನೊಂದೆರಡು ಸಲ ನೋಡ್ತೇನೆ. ಇಲ್ಲದಿದ್ದರೆ ಡಾಕ್ಟರಿಗೆ ತಿಳಿಸಬೇಕು, ಮತ್ತೆ ತಲೆಯ ಸ್ಕ್ಯಾನ್ ಆಗಬೇಕು."

ಆಗಲೇ ನಾನು ಹೇಳಿಬಿಡಬಹುದಿತ್ತು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂದು. ಆದರೆ ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಈ ಓದಿದ ಹುಡುಗಿ ನಮ್ಮನ್ನು ಯಾವ ಕಾಲದವರು ಎಂದುಕೊಳ್ಳುತ್ತಾಳೋ ಎಂಬುದೊಂದು. ಅದಕ್ಕಿಂತ ಹೆಚ್ಚಾಗಿ, ಹೇಳಿದರೂ ಏನು ಬಂತು? ಅವಳು ಹೇಳದಿರುವುದು ವಾಡಿಕೆಯಿಂದಲೋ, ಮರೆತದ್ದರಿಂದಲೋ, ಯಾರು ಬಿಡಿಸಿ ಹೇಳಬೇಕು? ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಎರಡಕ್ಕೂ ಬಾಯಿ ಮುಚ್ಚಿರುತ್ತದೆ.

ಮದುವೆಯ ದಿನ ಹೊಸಲಿನ ಮುಂದೆ ನನ್ನ ಅಕ್ಕ ಅಡ್ಡ ನಿಂತು, "ಎಸ್ರು ಏಳು, ಒಳಗ್ ಬುಡ್ತೀನಿ" ಎಂದು ಕಾಡಿದಾಗ ಒಂದು ಸಲ ಹೇಳಿದ್ದಳು, ಉಸಿರಿಗಿಂತ ಮೆಲ್ಲಗೆ. ಅದೇ ಮೊದಲು, ಅದೇ ಕೊನೆ. ಆಮೇಲೆ ನಾನು "ಇಗಾ" ಆದೆ, "ನಿಮ್ಮಪ್ಪ" ಆದೆ. ವೋಟಿನ ಪಟ್ಟಿಯವರು ಬಾಗಿಲಿಗೆ ಬಂದು ಯಜಮಾನರ ಹೆಸರು ಕೇಳಿದರೆ, ಒಳಗಿದ್ದ ಮಗಳನ್ನು ಕರೆದು, "ನಿಮ್ಮಪ್ಪನೆಸ್ರು ಏಳವ್ವ" ಅನ್ನುತ್ತಿದ್ದಳು. ಮಗಳು ಬರುವ ತನಕ ಅವರು ಬಿಸಿಲಲ್ಲಿ ನಿಂತಿರಬೇಕು. ನನ್ನ ತಾಯಿ ಇದರಲ್ಲಿ ಇವಳಿಗಿಂತ ಗಟ್ಟಿ. ನಮ್ಮಪ್ಪನದು ಬೆಟ್ಟದ ದೇವರ ಹೆಸರು. ಆ ಬೆಟ್ಟವನ್ನೂ ಅವಳು ಸಾಯುವವರೆಗೆ "ಆ ದೊಡ್ ಕಲ್ಲು" ಎಂದೇ ಕರೆದಳು. ಇದೆಲ್ಲ ನನಗೆ ಹೆಮ್ಮೆಯೂ ಆಗಿರಲಿಲ್ಲ, ನಾಚಿಕೆಯೂ ಆಗಿರಲಿಲ್ಲ. ಗೋಡೆಯ ಮೊಳೆಯ ಹಾಗೆ ಇತ್ತು, ಇದೆ ಎಂದೂ ನೋಡಿದವನಲ್ಲ.

ಈಗ ಅದೇ ಚುಚ್ಚತೊಡಗಿತು. ಅವಳ ಒಳಗೆ ನನ್ನ ಹೆಸರು ಇದೆಯೋ ಇಲ್ಲವೋ? ನಾನೇ ಸೊಪ್ಪು ಸಾರು ಬಡಿಸಿದರೆ ಉಣ್ಣುತ್ತಾಳೆ, ನನ್ನ ಅಂಗಿಯ ಗುಂಡಿ ಹಾಕಿಕೊಡುತ್ತಾಳೆ. ಗುರುತಿದೆ. ಆದರೆ ಗುರುತು ಬೇರೆ, ಹೆಸರು ಬೇರೆ ಎಂದು ಆ ಹುಡುಗಿ ತಲೆಗೆ ತುಂಬಿಬಿಟ್ಟಿದ್ದಳು. ಒಂದು ಸಂಜೆ ಧೈರ್ಯ ಮಾಡಿ ನನ್ನ ತಮ್ಮನ ಹೆಸರು ಹೇಳಿ, "ನನ್ನೆಸ್ರು ಅದೇ ಅಲ್ವೇನೇ?" ಎಂದು ಕೇಳಿದೆ. ಹುಚ್ಚು ಹಿಡಿದವನನ್ನು ನೋಡುವಂತೆ ನೋಡಿದಳು. ಸಮಾಧಾನವಾಯಿತು. ಫೋನಿನಲ್ಲಿ ಹುಡುಗಿಗೆ ಹೇಳಿದರೆ, "ಕೇಳಿ ಗುರುತಿಸುವುದು ಸುಲಭ ಸರ್. ಒಳಗಿಂದ ಹುಡುಕಿ ತೆಗೆಯುವುದು ಬೇರೆಯೇ" ಎಂದಳು. ಸಮಾಧಾನ ಅಷ್ಟಕ್ಕೇ ಹೋಯಿತು.

ಆಗ ನನಗೊಂದು ಉಪಾಯ ಹೊಳೆಯಿತು. ಲೇತಿಗೆ ಹಾಕುವ ದೊಡ್ಡ ಜಾಬ್ ಒಂದನ್ನು ಒಟ್ಟಿಗೆ ಅಳೆಯಲಾಗದಿದ್ದರೆ ನಾವು ಭಾಗ ಭಾಗವಾಗಿ ಅಳೆಯುತ್ತೇವೆ. ನನ್ನ ಹೆಸರನ್ನು ಬಿಡಿಸಿದೆ. ನಮ್ಮ ಕಡೆಯ ಬಹಳ ಗಂಡಸರ ಹೆಸರಿನ ಹಾಗೆ ನನ್ನದೂ ಪ್ಪ ಎಂದು ಮುಗಿಯುತ್ತದೆ. ಕಾರ್ಖಾನೆಯಲ್ಲಿ ಆ ಬಾಲ ಕತ್ತರಿಸಿ ಗಿಡ್ಡ ಮಾಡಿದ್ದರು. ಗಿರಾಕಿಗಳೂ ಹಾಗೇ ಕರೆಯುತ್ತಾರೆ, ಮಗಳ ಅಂಗಡಿಯ ಹುಡುಗರೂ. ಉಳಿದ ಭಾಗವನ್ನು ಇಲ್ಲಿ ಬರೆಯುವುದಿಲ್ಲ. ಅವಳು ಆಡದೆ ಕಾಪಾಡಿಕೊಂಡು ಬಂದದ್ದನ್ನು ನಾನು ಅಚ್ಚು ಹಾಕಿಸುವುದು ಸರಿಯಲ್ಲ. ಆ ಸದ್ದುಗಳನ್ನು ಬೇರೆ ಸದ್ದುಗಳ ನಡುವೆ ಅಲ್ಲೊಂದು ಇಲ್ಲೊಂದು ಬೆರೆಸಿ, ದಿನದ ಅಭ್ಯಾಸ ಎಂಬಂತೆ ಅವಳಿಗೆ ಹೇಳಿಸಿದೆ. ಕನ್ನಡಿ ಹಿಡಿದು ಕುಳಿತೆ.

ಮೊದಲನೆಯದು ಹೇಳಿದಳು. ಎರಡನೆಯದು ಹೇಳಿದಳು. ಮುಂದಿನವೂ ಬಂದವು. ಪ ಮಾತ್ರ ಎಂದಿನಂತೆ ಸೋರಿಹೋಯಿತು. ದುರಾಸೆ ನೋಡಿ, ಬೇರೆ ಸದ್ದುಗಳನ್ನೆಲ್ಲ ತೆಗೆದುಹಾಕಿ ನನ್ನವನ್ನೇ ಸಾಲಾಗಿ ಜೋಡಿಸಿದೆ. ಅವಳು ಎರಡು ಸದ್ದು ಹೇಳಿದವಳು ಮೂರನೆಯದಕ್ಕೆ ನಿಂತಳು. ಕನ್ನಡಿಯಿಂದ ಕಣ್ಣು ಕಿತ್ತು ನನ್ನನ್ನು ನೋಡಿದಳು.

"ಸುಮ್ಕಿರು" ಎಂದಳು.

ಪೂರ್ತಿ, ಒಂದು ಸದ್ದೂ ಮುಕ್ಕಾಗದೆ. ಕಾಯಿಲೆ ಬಿದ್ದ ಮೇಲೆ ಅವಳು ಆಡಿದ ಮೊದಲ ಇಡೀ ಮಾತು ಅದು. ಬೈಗುಳವೇ ಆದರೂ ನನ್ನ ಕಣ್ಣು ತುಂಬಿತು. ಅವಳು ಎದ್ದು ಹೂವಿನ ಬುಟ್ಟಿ ಎತ್ತಿಕೊಂಡು ಮೆಟ್ಟಿಲಿಗೆ ಹೋದಳು.

ಆದರೆ ಆತಂಕ ಎಲ್ಲಿ ಬಿಡುತ್ತದೆ? ನಾನು ಜೋಡಿಸುತ್ತಿದ್ದದ್ದು ಏನೆಂದು ಗೊತ್ತಾಗಿ ಬೈದಳೋ, ಸಾಕಾಗಿ ಬೈದಳೋ? ಬಿಡಿಭಾಗಗಳೆಲ್ಲ ಪೆಟ್ಟಿಗೆಯಲ್ಲಿದ್ದ ಮಾತ್ರಕ್ಕೆ ಮಿಷಿನ್ ಇದೆ ಎಂದಾಗುವುದಿಲ್ಲ. ಆ ಸದ್ದುಗಳು ನನ್ನ ಹೆಸರಿನಲ್ಲಿವೆ, ನಿಜ. ಹೂವಿನಲ್ಲೂ ಸಾರಿನಲ್ಲೂ ಇವೆ. ಯಾವುದರ ಮೇಲೂ ನನ್ನ ಗುರುತಿಲ್ಲ.

ಮುಂದಿನ ಸಲ ಯಶವಂತಪುರಕ್ಕೆ ಹೋಗುವಾಗ ಮಗಳೂ ಬಂದಳು. ಸ್ಕ್ಯಾನಿನ ವಿಷಯ ಅವತ್ತು ತೀರ್ಮಾನವಾಗಬೇಕಿತ್ತು. ಆಟೋದಲ್ಲಿ ಮಗಳ ಕಿವಿಯಲ್ಲಿ ಎಲ್ಲ ಹೇಳಿದೆ.

"ಅಯ್ಯೋ ಅಪ್ಪ, ಅಮ್ಮ ನಿನ್ನೆಸ್ರು ಹೇಳಲ್ಲ ಅಂತ ಆ ಮೇಡಂಗೆ ಒಂದ್ ಮಾತು ಹೇಳೋಕಾಗ್ಲಿಲ್ವಾ?"

"ಮರ್ತಿದ್ರೆ?"

ಅವಳು ತಾಯಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳಿಗೂ ಅದೇ ಭಯ ಹತ್ತಿತೆಂದು ಗೊತ್ತಾಯಿತು.

ಕೋಣೆಯಲ್ಲಿ ಮಗಳೇ ವಾಡಿಕೆಯ ವಿಷಯ ತಿಳಿಸಿದಳು. ಹುಡುಗಿ ನಗಲಿಲ್ಲ. "ನನ್ನ ಅಜ್ಜಿಯೂ ಹಾಗೆಯೇ ಇದ್ರು" ಎಂದಳು. "ನನಗೆ ಹೊಳೆಯಬೇಕಿತ್ತು. ಆದರೂ ಸರ್, ಹೆಸರು ಉಂಟೋ ಇಲ್ಲವೋ ನನಗೆ ತಿಳಿಯಲೇಬೇಕಲ್ಲ. ಕೇಳ್ತೇನೆ, ಬೇಸರ ಮಾಡ್ಬೇಡಿ." ಇವಳ ಕಡೆ ತಿರುಗಿ, "ಅಮ್ಮ, ಇವರ ಹೆಸರೇನು?"

ಮತ್ತೆ ತಲೆ ತಗ್ಗಿತು. ಹೊರಗೆ ರೈಲೊಂದು ಹಾದುಹೋಯಿತು. ನಾನು ನನ್ನ ಮಂಡಿಯನ್ನು ಹಿಡಿದುಕೊಂಡಿದ್ದೆ. ಆಮೇಲೆ ಇವಳು ಗಲ್ಲ ಎತ್ತಿ ಮಗಳ ಕಡೆ ತೋರಿಸಿದಳು. ವೋಟಿನ ಪಟ್ಟಿಯವರ ಮುಂದೆ ಮಾಡುತ್ತಿದ್ದಂತೆ.

"ಏಳವ್ವ" ಎಂದಳು.

ಮಗಳು ನನ್ನನ್ನೊಮ್ಮೆ ನೋಡಿ ನನ್ನ ಹೆಸರು ಹೇಳಿದಳು. ಅಂಗಡಿಯಲ್ಲಿ ಎಲ್ಲರೂ ಕರೆಯುವ ರೂಢಿಯಲ್ಲೇ, ಗಿಡ್ಡ ಹೆಸರು, ಬಾಲ ಕತ್ತರಿಸಿದ್ದು.

ಇವಳು ತಲೆಯಾಡಿಸಿದಳು. ಅಲ್ಲ.

ಅಲ್ಲವೇ? ಹಾಗಾದರೆ ನಾನು ಯಾರೆಂದುಕೊಂಡಿದ್ದಾಳೆ? ಮಗಳು ಇನ್ನೊಮ್ಮೆ ಅದನ್ನೇ ಹೇಳಿದಳು, ನಿಧಾನವಾಗಿ. ಇವಳು ಮತ್ತೆ ತಲೆಯಾಡಿಸಿದಳು. ಈ ಸಲ ಮುಖದಲ್ಲಿ ಸಿಟ್ಟಿತ್ತು. ಹೂವಿನ ಮೊಳ ಗಿಡ್ಡವಾದಾಗ ಬರುವ ಸಿಟ್ಟು. ಬಲಗೈ ಎತ್ತಿ ಎರಡು ಬೆರಳಿನಿಂದ ತುಟಿಯ ಬಲಗೊನೆಯನ್ನು ಒತ್ತಿ ಹಿಡಿದಳು. ತುಟಿ ಮುಚ್ಚಿತು. ಕೆನ್ನೆ ಉಬ್ಬಿ ನಡುಗಿತು.

"ಪ್ಪ" ಎಂದಳು.

ಯಾರಿಗೂ ಅರ್ಥವಾಗಲಿಲ್ಲ, ನನಗೂ ಒಂದು ಗಳಿಗೆ. ಆಮೇಲೆ ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಇವಳು ನನ್ನ ಹೆಸರು ಹೇಳಿರಲಿಲ್ಲ. ಮಗಳು ಬಿಟ್ಟ ತುಂಡನ್ನಷ್ಟೇ ಎತ್ತಿ ಅದರ ಜಾಗದಲ್ಲಿ ಇಟ್ಟಿದ್ದಳು. ಹೊಸಲಿನ ಮೇಲೆ ಒಮ್ಮೆ ಹೇಳಿದ್ದು ಆ ಪೂರ್ತಿ ಹೆಸರನ್ನೇ. ಈ ಮನೆಯಲ್ಲಿ ಅದನ್ನು ಮೊಟಕು ಮಾಡಲು ಅವಳು ಯಾರಿಗೂ ಒಪ್ಪಿಗೆ ಕೊಟ್ಟಿರಲಿಲ್ಲ.

ಮಗಳು ಪೂರ್ತಿ ಹೇಳಿದಳು. ಇವಳು ಊಂ ಎಂದು ಸೆರಗು ಸರಿಮಾಡಿಕೊಂಡಳು.

ಹುಡುಗಿ ಪೆನ್ನು ಹಿಡಿದು ಕುಳಿತೇ ಇದ್ದಳು. "ಇದನ್ನು ಹೇಗೆ ಬರೆದುಕೊಳ್ಳಲಿ ಸರ್? ಹೆಸರು ಹೇಳಿದ್ರು ಅಂತಲೋ, ಹೇಳಲಿಲ್ಲ ಅಂತಲೋ?"

"ನಂಗೂ ಗೊತ್ತಾಗ್ತಿಲ್ಲ ಮೇಡಂ" ಎಂದೆ. "ಪ ಬಂತು ಅಂತ ಬರ್ಕೊಳ್ಳಿ."